ಹುಳು ಮನೆಗೆ ಬಿದ್ದ ಹೆಜ್ಜೆ

ಕುರುಡುಮಲೆಯ ಗಣಪನೊಡನೆ ವಾದಕ್ಕೆ ಕೂತು, ಮೂರೇ ಮಾತಿನಲ್ಲಿ ಗೆದ್ದು, ಅವನ ಕೈಯ ಕಡುಬನ್ನು ಬಿಡಿಸಿಕೊಂಡು ತಿಂದವನು ಈ ಆವಲಪ್ಪ. ನಂಬಿಕೆ ಬರದಿದ್ದರೆ ಹೋಗಿ ಆ ಗಣಪನನ್ನೇ ಕೇಳಿ. ಬೈರಕೂರು ಕಡೆ ನಾನು ಬಾಯಿ ತೆರೆದರೆ ಸಾಕು, ಹಸಿರು ಟೊಮೆಟೊ ನಾಚಿ ಕೆಂಪಾಗುತ್ತದೆ. ಅಂಥ ಬಾಯಿ ಗೆದ್ದ ಅತಿ ದೊಡ್ಡ ವಾದ ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಮೇಲೆ.

ನನ್ನ ರೇಷ್ಮೆಹುಳು ಮನೆಯಲ್ಲಿ ಗಂಗಾಲಕ್ಷ್ಮಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದಳು. ಗಂಡನಿಲ್ಲದ ಹೆಂಗಸು; ಅವಳ ಒಲೆ ಉರಿಯುತ್ತಿದ್ದದ್ದೇ ಆ ಕೆಲಸದಿಂದ. ಹೋದ ಚಳಿಗಾಲದಲ್ಲಿ ನನ್ನ ಹುಳುಗಳು ಒಂದೊಂದೂ ಹೆಬ್ಬಾವಿನ ಗಾತ್ರವಿದ್ದವು. ಅವು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಗಡಿ ದಾಟಿ ಆಂಧ್ರಕ್ಕೂ ಕೇಳುತ್ತಿತ್ತು. ಒಂದು ಮಧ್ಯಾಹ್ನ ಅವಳ ಮಗಳು ಚಂದನ ಅಮ್ಮನಿಗೆ ಊಟದ ಡಬ್ಬಿ ಕೊಡಲು ಒಳಗೆ ಬಂದು ಹೋದಳು. ಮರುದಿನ ಬೆಳಿಗ್ಗೆ ಅರ್ಧ ಹುಳುಗಳು ಹಸಿರು ನೀರು ಕಕ್ಕಿ ಸತ್ತಿದ್ದವು.

ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಹತ್ತು ಸಾವಿರ ಜನರೆದುರು ನಾನು ಗುಡುಗಿದೆ.

"ಆ ಹುಡುಗಿ ಕಾಲಿಟ್ಳು, ಹುಳ ಸತ್ವು. ಇನ್ನೇನ್ ಸಾಕ್ಷಿ ಬೇಕು? ಹುಳು ಮನೆಗೆ ಎಲ್ರ ಕಾಲೂ ಆಗಿಬರಲ್ಲ ಅಂತ ನಮ್ ತಾತ ಹೇಳ್ತಿದ್ದ. ಊರೆಲ್ಲ ನಂಬೋ ಮಾತು. ಊರಿಗೂರೇ ದಡ್ಡರೇನ್ರಪ್ಪಾ?"

ತಾನು ದಡ್ಡನಲ್ಲವೆಂದು ಊರು ತಲೆಯಾಡಿಸಿತು.

ಚಂದನ ಅಮ್ಮನ ಪಕ್ಕದಿಂದ ಮುಂದೆ ಬಂದಳು. "ಮಾವ, ಒಂದಾದ್ಮೇಲೆ ಇನ್ನೊಂದಾದ್ರೆ, ಅದ್ರಿಂದಾನೇ ಇದಾಯ್ತು ಅಂತಲ್ಲ. ನಮ್ ಮೇಷ್ಟ್ರು ಹೇಳ್ಕೊಟ್ಟವ್ರೆ. ನಾನ್ ನಿಂತಿದ್ದು ಬಾಗಿಲ ಹತ್ರದ ಸ್ಟ್ಯಾಂಡ್ ಪಕ್ಕ. ಅದ್ರಲ್ಲಿ ಒಂದ್ ಹುಳಾನೂ ಸತ್ತಿಲ್ಲ. ಸತ್ತಿದ್ದೆಲ್ಲ ಕಿಟಕಿ ಕಡೇವು. ಅವಕ್ಕೆ ಯಾವ ಸೊಪ್ಪು ಹಾಕಿದ್ರಿ?"

ಪ್ರಶ್ನೆಯನ್ನು ಹಿಡಿಯಲಾಗದವನು ಪ್ರಶ್ನೆ ಕೇಳಿದವರ ಜುಟ್ಟು ಹಿಡಿಯಬೇಕು. ಆ ವಿದ್ಯೆ ನನಗೆ ಯಾವ ಮೇಷ್ಟ್ರೂ ಕಲಿಸಬೇಕಾಗಿರಲಿಲ್ಲ.

"ನೋಡ್ರಪ್ಪಾ, ಲೆಕ್ಕದಲ್ಲಿ ಫೇಲಾದೋಳು ನಂಗೆ ಹುಳ ಸಾಕೋದ್ ಹೇಳ್ಕೊಡ್ತಾಳೆ! ಅಪ್ಪ ಅನ್ನೋನ್ ಇದ್ದಿದ್ರೆ ದೊಡ್ಡೋರ್ ಮುಂದೆ ಹೆಂಗಿರ್ಬೇಕು ಅಂತ ಕಲಿಸ್ತಿದ್ದ."

ಜನ ನಕ್ಕರು. ನಾನು ಟವಲಿನಿಂದ ಕಣ್ಣೂ ಒರೆಸಿಕೊಂಡೆ: "ಸತ್ತಿದ್ದು ಹುಳ ಅಲ್ಲ ಕಣ್ರೋ, ನನ್ ಮಕ್ಳು."

"ಅಣ್ಣಾ, ಇನ್ಮೇಲೆ ಅವಳು ಆ ಕಡೆ ಬರಲ್ಲ. ಕೆಲಸ ಮಾತ್ರ ಬಿಡಿಸ್ಬೇಡಿ" ಎಂದಳು ಗಂಗಾಲಕ್ಷ್ಮಿ. ಗೆದ್ದವನಿಗೆ ಕಿವಿ ಕೇಳಿಸುವುದಿಲ್ಲ.

ಆಮೇಲೆ ಊರಿನ ಯಾವ ಹುಳು ಮನೆಯೂ ಅವಳನ್ನು ಸೇರಿಸಲಿಲ್ಲ. ಈಗ ನಸುಕಿಗೇ ನರಸಾಪುರದ ಕಂಪನಿ ಬಸ್ಸು ಹತ್ತುತ್ತಾಳೆ. ಶಾಲೆಯಲ್ಲಿ ಚಂದನ ತುಳಿದ ಕಡೆ ಮಕ್ಕಳು ತುಳಿಯುವುದಿಲ್ಲವಂತೆ.

ಮುಂದಿನ ರೇಷ್ಮೆ ಬೆಳೆಗೆ ಹುಳು ಮನೆಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ನೊಣಕ್ಕೂ ನನ್ನ ಅಪ್ಪಣೆ ಬೇಕಿತ್ತು. ಆದರೂ ಕಿಟಕಿ ಕಡೆಯ ಹುಳುಗಳು ಮತ್ತೆ ಸತ್ತವು.

ಡೈರಿಯಲ್ಲಿ ಮುದುಕಿ ಮುತ್ಯಾಲಮ್ಮ ಕೇಳಿದಳು: "ಏಮ್ರಾ ಆವಲಪ್ಪ, ಈ ಸಲ ಯಾರ ಕಾಲೋ?"

"ಯಾರೋ ಕಣ್ ಹಾಕವ್ರೆ ಅಮ್ಮ..."

"ಬೀಗ ಹಾಕಿದ್ದೆ ಅಂತ ನೀನೇ ಊರೆಲ್ಲ ಸಾರಿದ್ಯಲ್ಲೋ. ಒಳಗೆ ಬಿದ್ದಿದ್ದು ನಿನ್ನ ಎರಡು ಕಾಲೇ ಅಲ್ವೇನೋ?"

ಜನ ನಕ್ಕರು. ಅದೇ ಜನ. ಹಾಲು ಕೊಳ್ಳಲು ಬಂದಿದ್ದ ಚಂದನ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಹೇಳಲು ಬೇರೆ ಸುಳ್ಳು ಸಿಗಲಿಲ್ಲ.

"ಟೊಮೆಟೊಗೆ ಔಷಧಿ ಹೊಡ್ದಿದ್ದೆ. ಗಾಳಿಗೆ ಅದು ಪಕ್ಕದ ಸಾಲಿನ ಸೊಪ್ಪಿಗೂ ಬಿದ್ದಿತ್ತು. ಆ ಸಾಲು ಮುಟ್ಬೇಡಿ ಅಂತ ನಿಮ್ಮಮ್ಮ ಅಂದಿದ್ಲು. ನಾನೇ ಕೊಯ್ದು ಹಾಕ್ದೆ."

"ಎರಡ್ ಸಲಾನೂ?"

"ಎರಡ್ ಸಲಾನೂ. ನಿನ್ ಕಾಲು ನಿನ್ ಕಾಲು ಅಂತ ಎಷ್ಟ್ ಸಲ ಹೇಳಿದ್ನೋ, ಕೊನೆಗೆ ನಾನೇ ನಂಬ್ಬಿಟ್ಟೆ."

"ಅವತ್ತು ಗೊತ್ತಿರ್ಲಿಲ್ವಾ, ಮಾವ?"

"ಯಾವ ಸೊಪ್ಪು ಅಂತ ನೀನ್ ಕೇಳ್ದಾಗ್ಲೇ ಗೊತ್ತಿತ್ತು ಕಣಮ್ಮ."