ಓದಿ ಹೇಳಿದವರ ಸಹಿ

‘ಹನ್ನೊಂದನೇ ಕಾಲಮ್ಮಿನಲ್ಲಿ ಆ ಎರಡು ಪದ ಟೈಪ್ ಹೊಡೆಯುವ ಮುಂಚೆ ಯಜಮಾನರನ್ನು ಇನ್ನೊಂದು ಸಲ ಕೇಳಬೇಕಿತ್ತು. ಕೇಳಿದರೆ ರೇಗಿಬಿಡುತ್ತಾರೇನೋ ಎಂದು ಸುಮ್ಮನಾದೆ. ರೇಗುವುದಕ್ಕೆ ಇಷ್ಟು ಹೆದರುವವಳು ಬಿ.ಎ. ಯಾಕೆ ಓದಬೇಕಿತ್ತು?’

ಕ್ಯಾತನಹಳ್ಳಿಯಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ಸಂಘಮಿತ್ರಾ ಡೈರಿಯಲ್ಲಿ ಇಷ್ಟು ಬರೆಯುವಷ್ಟರಲ್ಲಿ ಬಸ್ಸು ಎರಡು ಹಳ್ಳ ಹತ್ತಿಳಿದು, ಅಕ್ಷರಗಳು ಮೂರು ಕಡೆ ಗೀರಿ ಹೋಗಿದ್ದವು. ಪಕ್ಕದ ಸೀಟಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ ಕುಳ್ಳಯ್ಯ ಬಗ್ಗಿ ನೋಡಿದ. ಅವಳದೇ ಬೀದಿಯವನು, ಅವಳು ಕೆಲಸ ಮಾಡುವ ವರ್ಕ್‌ಶಾಪಿನಲ್ಲೇ ಪೆಟ್ಟಿಗೆ ಕಟ್ಟುವವನು. ಅರವತ್ತು ದಾಟಿತ್ತು.

“ಏನವ್ವ ಅದು, ದಿನಾ ಬರೀತೀಯಲ್ಲ? ನನ್ ಮ್ಯಾಲೇನಾರ ಚಾಡಿ ಬರ್ಕತಾ ಇದ್ದೀಯಾ?”

“ಇಲ್ಲ ದೊಡ್ಡಯ್ಯ.”

“ಬರ್ಕೊ, ಬರ್ಕೊ. ನಂಗೆ ಓದಾಕೇ ಬರಾಕಿಲ್ಲ, ಬಚಾವಾದೆ.”

ಅವಳು ನಕ್ಕು ಡೈರಿ ಮುಚ್ಚಿದಳು. ನಗು ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶ್ರೀರಂಗಪಟ್ಟಣ ಇನ್ನೂ ಎರಡು ಮೈಲಿ ಇರುವಾಗಲೇ ರಸ್ತೆಯ ಎಡಕ್ಕೆ ಸಿಗುವ ಶೀಟಿನ ಕಟ್ಟಡ ತಿಮ್ಮೇಶಪ್ಪನ ವರ್ಕ್‌ಶಾಪು. ನಾಗಮಂಗಲದ ಕಡೆಯವನು. ಆಸಿಡ್ಡು ಹರಿದರೂ ಸವೆಯದ ವಾಲ್ವುಗಳನ್ನು ಹದಿನೈದು ವರ್ಷದಿಂದ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಮಾಡಿಕೊಡುತ್ತಿದ್ದ. ಕಳೆದ ವರ್ಷ, ಅಂದರೆ ತೊಂಬತ್ತಾರರಲ್ಲಿ, ಬೊಂಬಾಯಿಯ ಏಜೆಂಟನೊಬ್ಬನ ಮೂಲಕ ಮೊದಲ ಸಲ ಹೊರದೇಶದ ಆರ್ಡರು ಬಂತು: ನಲವತ್ತು ವಾಲ್ವು. ಜೊತೆಗೊಂದು ಇಂಗ್ಲಿಷ್ ಫಾರಮ್ಮು. ಸರಕು ಕೊನೆಗೆ ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂದು ಹನ್ನೊಂದನೇ ಕಾಲಮ್ಮು ಕೇಳುತ್ತಿತ್ತು.

“ಇಲ್ಲಿ ಏನಂತ ಹೊಡೀಲಿ ಸರ್?” ಎಂದು ಸಂಘಮಿತ್ರಾ ಅವತ್ತು ಕೇಳಿದ್ದಳು.

“ನಮ್ ವಾಲ್ವು ಇನ್ನೆಲ್ಲಿಗಮ್ಮ ಓಗದು? ಸಕ್ಕರೆ ಕಾರ್ಖಾನೆ ಅಂತ ಒಡಿ.”

“ಕೊಂಡುಕೊಳ್ಳೋರ ಪತ್ರ ಲಗತ್ತಿಸಿದೆ ಅಂತಲೂ ಇದೆ. ಪತ್ರ ಬಂದಿಲ್ಲವಲ್ಲ?”

“ಅದ್ನೂ ಒಡಿ. ಆಮ್ಯಾಕೆ ತರ್ಸನ.”

ಮೋಸ ಮಾಡಬೇಕೆಂದು ಹೇಳಿದ ಮಾತಲ್ಲ ಅದು. ಹದಿನೈದು ವರ್ಷದಿಂದ ನಾಲ್ಕು ದಿಕ್ಕಿಗೂ ಕಬ್ಬನ್ನೇ ನೋಡಿದವನಿಗೆ, ಆಸಿಡ್ ವಾಲ್ವೆಂಬುದು ಸಕ್ಕರೆ ಬಿಟ್ಟು ಬೇರೆಯದಕ್ಕೂ ಇದ್ದೀತು ಎಂದು ಹೊಳೆದೇ ಇರಲಿಲ್ಲ. ಆಮೇಲೆ ತರಿಸುವ ಪತ್ರ ಆಮೇಲೂ ಬರಲಿಲ್ಲ. ಪೆಟ್ಟಿಗೆಗಳು ಮಾತ್ರ ಹೊರಟವು. ಹೋಗಿ ಬಂದರಿನಲ್ಲಿ ಸಿಕ್ಕಿಬಿದ್ದವು.

ಹೋದ ವಾರ ಸ್ಕೂಟರಿನಲ್ಲಿ ಒಬ್ಬ ಬಂದ. ಅರ್ಧ ತೋಳಿನ ಶರ್ಟು, ಕಂಕುಳಲ್ಲಿ ಫೈಲು. ಕಾರ್ಡು ತೋರಿಸಿ ತಕ್ಷಣ ಜೇಬಿಗೆ ಹಾಕಿಕೊಂಡ, ಹೆಸರು ಹೇಳಲಿಲ್ಲ.

“ಕೆಲವು ಸರಕು ಅಪ್ಪಣೆ ಇಲ್ಲದೆ ಹೊರಗೆ ಹೋಗೋ ಹಾಗಿಲ್ಲ ಅಂತ ದೆಹಲಿಯವರು ಪಟ್ಟಿ ಮಾಡಿದ್ದಾರೆ. ಅನುಮಾನ ಬಂದರೆ ಲೈಸೆನ್ಸ್ ಕಚೇರಿಯವರು ನಮ್ಮನ್ನ, ಅಂದರೆ ಗುಪ್ತಚರ ಇಲಾಖೆಯವರನ್ನ, ಕೇಳ್ತಾರೆ. ನಾವು ವಿಚಾರಿಸಿ ಬರೆದು ಕೊಡ್ತೀವಿ. ಬಿಡೋದು, ತಡೆಯೋದು ಅವರ ಕೆಲಸ,” ಎಂದ. ಆಮೇಲೆ ತಿಮ್ಮೇಶಪ್ಪನ ಕಡೆ ತಿರುಗಿ, “ನಿಮ್ಮ ವಾಲ್ವು ಹೊರಟಿದ್ದ ಊರಲ್ಲಿ ಕಬ್ಬಿನ ಜಲ್ಲೆ ಒಂದೂ ಬೆಳೆಯೋದಿಲ್ಲ ಸ್ವಾಮಿ. ಬರೀ ಮರಳು. ವಿಷದ ಗ್ಯಾಸು ತಯಾರಿಸೋ ಕಡೆಯೂ ಇಂಥವೇ ವಾಲ್ವು ಬೇಕಾಗುತ್ತೆ, ಗೊತ್ತೇನು?”

 ಟೈಪ್ ಮೆಷಿನ್ನಿನ ಹಿಂದೆ ಕೂತು ಸಂಘಮಿತ್ರಾ ಇದೆಲ್ಲ ಕೇಳಿಸಿಕೊಂಡಳು. ಅವತ್ತು ಅವಳು ತಂದಿದ್ದ ಬುತ್ತಿ ತಂದ ಹಾಗೇ ಮನೆಗೆ ಹೋಯಿತು.

ಮಾರನೆಯ ದಿನ ತಿಮ್ಮೇಶಪ್ಪ ಊಟಕ್ಕೆ ಹೋಗಿದ್ದಾಗ ಆ ಮನುಷ್ಯ ಅವಳ ಮೇಜಿನ ಹತ್ತಿರ ಬಂದು ಚೀಟಿಯೊಂದನ್ನಿಟ್ಟ. ಬೆಂಗಳೂರಿನ ಒಂದು ಪೋಸ್ಟ್ ಬಾಕ್ಸ್ ನಂಬರು.

“ಮುಂದೆ ಯಾವ ಆರ್ಡರು ಬಂದರೂ ಒಂದು ಕಾಪಿ ಇಲ್ಲಿಗೆ ಹಾಕಿ. ಯಾರಿಗೂ ಗೊತ್ತಾಗಲ್ಲ. ನಿಮ್ಮಂಥ ಮಾತಾಡದ ಹುಡುಗೀರೇ ನಮಗೆ ಬೇಕಾಗಿರೋದು.”

ಕೆನ್ನೆಗೆ ಹೊಡೆದ ಹಾಗಾಯಿತು. ಇಪ್ಪತ್ಮೂರು ವರ್ಷ ತನ್ನದು ಮಾತ್ರ ಎಂದುಕೊಂಡಿದ್ದ ಮೌನಕ್ಕೆ ಹೀಗೂ ಗಿರಾಕಿಗಳಿದ್ದಾರೆಯೇ? ಕೇಳಬೇಕಾದ್ದನ್ನು ಕೇಳದೆ ಬಿಟ್ಟಳೆಂದು ಯಜಮಾನನಿಗೆ ಅನುಕೂಲ, ಯಾರಿಗೂ ತಿಳಿಸದೆ ಗುಟ್ಟಾಗಿ ಕಾಪಿ ಕಳಿಸಿಯಾಳೆಂದು ಇವನಿಗೆ ಅನುಕೂಲ. ಅವಳು ಮರದ ಸ್ಕೇಲು ತೆಗೆದುಕೊಂಡು, ಚೀಟಿಯನ್ನು ಮುಟ್ಟದೆ, ಮೇಜಿನ ಮೇಲೆ ನೂಕುತ್ತ ನೂಕುತ್ತ ಅವನ ಫೈಲಿನ ತನಕ ತಳ್ಳಿದಳು.

“ಯೋಚನೆ ಮಾಡಿ,” ಎಂದು ಅವನು ನಕ್ಕ.

“ಮಾಡಿದ್ದೀನಿ,” ಎಂದಳು. ಅವನು ಆಗಲೇ ಬಾಗಿಲು ದಾಟಿದ್ದ.

ಈವತ್ತು ಅವಳು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ತಿಮ್ಮೇಶಪ್ಪ ಗೀಚಿದ ಒಂದು ಹಾಳೆ ತಂದು ಮುಂದಿಟ್ಟ. “ದುಂಡಗೆ ಬರೆದ್ಕೊಡಮ್ಮ. ಮೂರು ಗಂಟೆಗೆ ಆ ಸಾಹೇಬ ಬತ್ತಾನೆ.”

ಅದು ಕುಳ್ಳಯ್ಯನ ಹೇಳಿಕೆ. ಹೊರದೇಶದವರ ಪತ್ರ ಬಂದಿತ್ತು; ಓದಲು ಬಾರದ ನಾನು ಅದನ್ನು ರದ್ದಿಯೆಂದು ತಿಳಿದು ಹುಲ್ಲಿನ ಜೊತೆ ಪೆಟ್ಟಿಗೆಯೊಳಕ್ಕೆ ತುರುಕಿ ಹಾಳು ಮಾಡಿದೆ; ತಪ್ಪು ನನ್ನದು. ಇಷ್ಟೇ.

“ಸರ್, ದೊಡ್ಡಯ್ಯನಿಗೆ ಏನಾಗುತ್ತೆ?”

“ಏನೂ ಆಗಾಕಿಲ್ಲ. ಬೆಂಗ್ಳೂರ್‌ಗೆ ಕರ್ಕೊಂಡೋಗಿ ನಾಕು ದಿನ ಕೇಳ್ತಾರೆ, ಬುಡ್ತಾರೆ. ನಾನ್ ಒಳೀಕೋದ್ರೆ ಮೂವತ್ ಮನೆ ಒಲೆ ಆರೋಯ್ತವೆ. ಅದ್ರಾಗೆ ನಿಮ್ಮನೇದೂ ಒಂದು, ತಿಳ್ಕೊ.”

ಅವಳು ಬರೆದಳು. ತನ್ನ ಅಕ್ಷರ ಅಷ್ಟು ದುಂಡಗಿರುವುದಕ್ಕೆ ಮೊದಲ ಸಲ ಅಸಹ್ಯವಾಯಿತು. ಬರೆದು ಮುಗಿಸಿ ನೆಟ್ಟಗೆ ಪೆಟ್ಟಿಗೆ ಕಟ್ಟುವ ಶೆಡ್ಡಿಗೆ ಹೋದಳು.

ಕುಳ್ಳಯ್ಯ ಹುಲ್ಲು ಹಾಸುತ್ತಿದ್ದ.

“ದೊಡ್ಡಯ್ಯ, ಹೆಬ್ಬೆಟ್ಟು ಒತ್ತಕ್ಕೆ ಒಪ್ಕೊಂಡಿದ್ದೀಯಂತೆ?”

“ಊ ಕಣವ್ವ. ಕಾಗ್ದ ಎಲ್ಲೋ ಕಳ್ದೋಗೈತಂತೆ, ಗೊತ್ತಿಲ್ಲ ಅಂತ ಒತ್ತು ಅಂದ್ರು ಯಜಮಾನ್ರು.”

“ಅಷ್ಟೇನಾ ಹೇಳಿದ್ದು?”

“ಇನ್ನೇನೈತೆ? ಇದ್ರೆ ನೀನು ಓದ್ ಏಳ್ತೀಯಲ್ಲ, ಆಗ ಕೇಳ್ಕತೀನಿ. ಓಗು, ಬಿಸ್ಲಾಗ್ ನಿಂತ್ಕಬ್ಯಾಡ.”

ವರ್ಕ್‌ಶಾಪಿನಲ್ಲಿ ಅದು ಮೊದಲಿನಿಂದ ನಡೆದುಬಂದ ಪದ್ಧತಿ. ಸಂಬಳದ ಪಟ್ಟಿಯಿರಲಿ, ರಜೆ ಅರ್ಜಿಯಿರಲಿ, ಸಂಘಮಿತ್ರಾ ಓದಿ ಹೇಳದೆ ಕುಳ್ಳಯ್ಯ ಯಾವುದಕ್ಕೂ ಹೆಬ್ಬೆಟ್ಟು ಒತ್ತಿದವನಲ್ಲ. ಅವಳ ಬಾಯಿಂದ ಬಂದದ್ದು ಅವನಿಗೆ ಕಣ್ಣಾರೆ ಕಂಡ ಹಾಗೆ. ಅವಳು ತಿರುಗಿ ಆಫೀಸಿನ ಕಡೆ ನಡೆದಳು. ನಿಜ ಹೇಳಿದರೆ, ಪತ್ರವಿದೆಯೆಂದು ಟೈಪು ಹೊಡೆದ ಬೆರಳೂ ಹೊರಬರುತ್ತದೆ. ಬೆಂಗಳೂರಿಗೆ ಕರೆದೊಯ್ಯುವ ಜೀಪಿನಲ್ಲಿ ತನಗೂ ಒಂದು ಜಾಗವಿರುತ್ತದೆ. ಆಗ ಅವ್ವ ಮಂಚಮ್ಮ ಬೀದಿಯಲ್ಲಿ ಹೇಗೆ ತಲೆಯೆತ್ತಿ ನಡೆದಾಳು?

ಮೂರು ಗಂಟೆಗೆ ಆಫೀಸಿನ ಮೇಜಿನ ಸುತ್ತ ನಾಲ್ವರೂ ಸೇರಿದರು. ಇಂಕಿನ ಪ್ಯಾಡು ತೆರೆದಿತ್ತು. ಹೇಳಿಕೆಯ ಕೆಳಗೆ, ‘ಓದಿ ಹೇಳಲಾಗಿ, ಕೇಳಿ ತಿಳಿದು ಹೆಬ್ಬೆಟ್ಟು ಒತ್ತಿರುತ್ತೇನೆ’ ಎಂಬ ಸಾಲು. ಅದರ ಪಕ್ಕ ‘ಓದಿ ಹೇಳಿದವರ ಸಹಿ’ ಎಂದು ಖಾಲಿ ಜಾಗ.

“ಇದು ಸಿಕ್ಕಿದರೆ ನನ್ನ ವರದಿಯೂ ಮುಗೀತು,” ಎಂದ ಫೈಲಿನವನು. “ಒಂದು ಕಾರಣ, ಒಂದು ಹೆಸರು. ದೆಹಲಿಗೆ ಅಷ್ಟು ಸಾಕು.”

ಆ ಮಾತಿನಲ್ಲಿ ಎಲ್ಲವೂ ನಿಚ್ಚಳವಾಯಿತು. ನಲವತ್ತು ವಾಲ್ವು ಎಲ್ಲಿಗೆ ಹೊರಟಿದ್ದವು, ಅಲ್ಲಿ ಯಾರ ಉಸಿರು ಕಟ್ಟಿಸುತ್ತಿದ್ದವು ಎಂಬುದು ಈ ಮೇಜಿನ ಸುತ್ತ ಯಾರಿಗೂ ಬೇಕಾಗಿರಲಿಲ್ಲ. ಆ ಬೊಂಬಾಯಿ ಏಜೆಂಟನ ಹೆಸರನ್ನು ಸಹ ಒಬ್ಬರೂ ಎತ್ತಿರಲಿಲ್ಲ. ಓದಲು ಬಾರದ ಒಬ್ಬ ಮುದುಕ ಸಿಕ್ಕಿದ್ದ, ಸಾಕಾಗಿತ್ತು.

“ಬಿರ್‍ರನೆ ಓದಮ್ಮ,” ಎಂದ ತಿಮ್ಮೇಶಪ್ಪ.

ಅವಳು ಓದತೊಡಗಿದಳು. ಹೆಸರು, ತಂದೆಯ ಹೆಸರು, ಊರು ಕ್ಯಾತನಹಳ್ಳಿ, ತಾಲ್ಲೂಕು ಪಾಂಡವಪುರ. ಕುಳ್ಳಯ್ಯ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ. ‘ಹೊರದೇಶದಿಂದ ಬಂದ ಪತ್ರವನ್ನು’ ಎಂಬಲ್ಲಿಗೆ ಬಂದು ಅವಳು ಓದುವುದನ್ನು ನಿಲ್ಲಿಸಿದಳು.

“ಮುಂದೆ?” ಎಂದ ಫೈಲಿನವನು.

“ಎಣ್ಮಗ, ಎದ್ರುಕತಾಳೆ. ಇಲ್ಲಿ ಕೊಡು, ನಾನೇ ಓದ್ತೀನಿ,” ಎಂದು ತಿಮ್ಮೇಶಪ್ಪ ಕೈ ಚಾಚಿದ.

ಕುಳ್ಳಯ್ಯ ಇಂಕು ಮೆತ್ತಿದ್ದ ಹೆಬ್ಬೆಟ್ಟನ್ನು ಹಿಂದಕ್ಕೆಳೆದುಕೊಂಡ. “ಬ್ಯಾಡಿ ಯಜಮಾನ್ರೆ. ಅವ್ಳೇ ಓದ್ಲಿ. ಯಾವತ್ತೂ ಅವ್ಳೇ ಅಲ್ವಾ ಓದದು.”

ಸಂಘಮಿತ್ರಾ ಹಾಳೆಯನ್ನು ಕೊಡಲಿಲ್ಲ. ಮಡಿಸಿ ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದಳು.  ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗದಷ್ಟು ಗಟ್ಟಿಯಾಗಿ, ಲೇತು ಮೆಷಿನ್ನಿನವರೆಗೂ ಕೇಳಿಸುವಂತೆ ಬಂತು.

“ಆ ಪತ್ರ ಬರಲೇ ಇಲ್ಲ. ಬಂದಿದೆ ಅಂತ ಟೈಪ್ ಹೊಡೆದೋಳು ನಾನು, ಹೊಡಿ ಅಂದೋರು ಇವ್ರು. ದೊಡ್ಡಯ್ಯ ಏನೂ ಕಳೆದಿಲ್ಲ.”