ಅರ್ಧಕ್ಕೆ ನಿಂತ ಹಿಡಿ

ಚರ್ಚಿನ ಅಟ್ಟದ ಮೇಲಿನ ಆರ್ಗನ್ನಿನ ಮರದ ಹಿಡಿಗಳೆಲ್ಲ ಹೊಳೆಯುತ್ತಿದ್ದವು. ಜೇನುಮೇಣದ ವಾಸನೆ ಕೆಳಗಿನ ಮೆಟ್ಟಿಲವರೆಗೂ ಬರುತ್ತಿತ್ತು.

"ಚರ್ಚಿನ ಹೆಂಗಸರೆಲ್ಲ ಸೇರಿ ಉಜ್ಜಿದ್ವಿ ಎಲೋಡಿ," ಎಂದರು ಅತ್ತೆ. "ನಾಳೆ ಪ್ಯಾರಿಸ್‌ನಿಂದ ರೇಡಿಯೋದವರು ಬರ್ತಾರೆ. ನನ್ನ ಮಗ ಕೊಳಕು ಆರ್ಗನ್ ನುಡಿಸ್ತಿದ್ದ ಅಂತ ಯಾರೂ ಅನ್ನಬಾರದು. ಹಿಡಿ ಎಳೆದ್ರೆ ಒಳಗಿನ ಕೋಲಿನ ಮೇಲೆಲ್ಲ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ರು ಕಣೆ. ಅದನ್ನೂ ತೆಗೆದುಬಿಟ್ವಿ."

ಗೀಚಿದ್ದು ಅವರ ಮಗನೇ. ಚೆನ್ನಾಗಿದೆ ಎಂದೆ. ಅವರು ಕೆಳಗೆ ಹೋಗಿ ಕುರ್ಚಿಯಲ್ಲಿ ಕುಳಿತರು.

ನನ್ನ ಗಂಡ ಗಾಸ್ಪಾರ್ ಈ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ, ಅದಕ್ಕಾಗಿ ಸಂಗೀತ ರಚಿಸುತ್ತಿದ್ದ. ಹುಡುಗನಾಗಿದ್ದಾಗ ಯಾರದೋ ಶವಸಂಸ್ಕಾರದಲ್ಲಿ, ಗಾಳಿ ಬಿಡುವ ಒಂದು ಹಿಡಿಯನ್ನು ಪೂರ್ತಿ ಎಳೆಯಲು ಮರೆತಿದ್ದನಂತೆ. ಕೊಳವೆಗಳಿಗೆ ಗಾಳಿ ಸಾಲದೆ ಸ್ವರ ಇಳಿದು, ಉಸಿರಿನಂಥ ಸದ್ದು ಬಂತು. ಪಾದ್ರಿ ಕಿವಿ ಹಿಂಡಿದರು. ಅವನು ಆ ಸದ್ದನ್ನು ಬಿಡಲಿಲ್ಲ. ಮುಂದೆ ಅರ್ಧ ಎಳೆದ, ಕಾಲು ಎಳೆದ ಹಿಡಿಗಳಿಗೆಂದೇ ಕೃತಿಗಳನ್ನು ಬರೆದ. ಪ್ಯಾರಿಸ್‌ನವರು ಮೊದಲು, ಆರ್ಗನ್ ರಿಪೇರಿಗೆ ಬಂದಿರಬೇಕು ಎಂದು ನಕ್ಕರು. ಆಮೇಲೆ ರೈಲು ಹತ್ತಿ ಕೇಳಲು ಬಂದರು.

ನುಡಿಸುವವನ ಕೈಕಾಲು ನಾಲ್ಕೂ ಕೆಲಸದಲ್ಲಿರುತ್ತವೆ. ಪಕ್ಕದಲ್ಲಿ ನಿಂತು ಹಿಡಿ ಎಳೆಯುತ್ತಿದ್ದವಳು ನಾನು. ಎಷ್ಟು ಎಳೆಯಬೇಕೆಂದು ಅವನು ಹಾಳೆಯಲ್ಲಿ ಬರೆಯುತ್ತಿರಲಿಲ್ಲ. ಕೋಲಿನ ಮೇಲೆ ಗೆರೆ ಹಾಕುತ್ತಿದ್ದ. ಫೆಬ್ರವರಿಯಲ್ಲಿ ತೀರಿಕೊಂಡ.

ನಾಳೆ ನುಡಿಸಬೇಕಾದವನು ಅವನ ಶಿಷ್ಯ ಬಾಸ್ತಿಯಾಂ. ಮೇಲೆ ಬಂದು ಆರ್ಗನ್ನಿನ ಕಾಲುಮಣೆ ತುಳಿಯುವ ತೆಳು ಬೂಟು ಹಾಕಿಕೊಂಡ. ಒಂದು ಹಿಡಿ ಎಳೆದ. ಇನ್ನೊಂದು ಎಳೆದ.

"ಗೆರೆಗಳೆಲ್ಲಿ?"

"ಅತ್ತೆ ಉಜ್ಜಿದ್ರು."

"ಇಡೀ ಫ್ರಾನ್ಸಿನಲ್ಲಿ ಆರ್ಗನ್‌ಗಳು ಧೂಳು ತಿಂತಾ ಬಿದ್ದಿವೆ. ಇದೊಂದನ್ನೇ ಉಜ್ಜಬೇಕಿತ್ತಾ?"

"ಮೆಲ್ಲಗೆ ಮಾತಾಡು. ಕೆಳಗಿದ್ದಾರೆ."

ಅವನು ತಲೆ ಕೆರೆದುಕೊಂಡ. "ನಿನಗೆ ನೆನಪಿರತ್ತಲ್ಲ? ಇಲ್ಲ ಅಂದ್ರೆ ಈಗಲೇ ಹೇಳು, ನಾಳೆಯದು ಬೇಡ ಅಂತ ಫೋನ್ ಮಾಡ್ತೀನಿ. ಒಂದ್ಸಲ ತಪ್ಪು ರೆಕಾರ್ಡ್ ಆಯ್ತು ಅಂದ್ರೆ ಮುಗೀತು. ಎಲ್ಲರಿಗೂ ಅದೇ ಗಾಸ್ಪಾರ್."

"ನುಡಿಸು," ಎಂದೆ.

ನಾನು ಗೆರೆಗಳನ್ನು ಯಾವತ್ತೂ ನೋಡಿದವಳಲ್ಲ. ಗಾಸ್ಪಾರ್‌ನ ಎಡ ಭುಜ ನೋಡುತ್ತಿದ್ದೆ. ಸದ್ದು ಸರಿಯಾದಾಗ ಭುಜ ಸ್ವಲ್ಪ ಇಳಿಯುತ್ತಿತ್ತು. ಅಲ್ಲಿಗೆ ಕೈ ನಿಲ್ಲಿಸುತ್ತಿದ್ದೆ. ಬಾಸ್ತಿಯಾಂನ ಭುಜಗಳು ದಪ್ಪ ಕೋಟಿನೊಳಗೆ ಏರಿಯೇ ಇದ್ದವು.

ಎಳೆದೆ. ಸದ್ದು ಬಂತು. ಇನ್ನಷ್ಟು ಎಳೆದೆ. ಬೇರೆ ಸದ್ದು ಬಂತು. ಸರಿಯಾದದ್ದು ಬಂದಾಗ ಗೊತ್ತಾದೀತು ಎಂದು ಕಾದೆ. ಸಮಾಧಿಯ ಹತ್ತಿರವೂ ಹೀಗೇ ಕಾದಿದ್ದೆ. ಏನೂ ಆಗಲಿಲ್ಲ. ತೋಳು ಸೋತು ಒಂದು ಕಡೆ ನಿಂತಿತು.

ಕೆಳಗಿನಿಂದ ಅತ್ತೆಯ ದನಿ ಬಂತು. "ಹಾಂ, ಅವನದೇ. ನಂಗಂತೂ ಯಾವತ್ತೂ ಇಷ್ಟ ಆಗ್ಲಿಲ್ಲಪ್ಪ."

ಬಾಸ್ತಿಯಾಂ ಸ್ವರ ಬಿಡದೆ ನನ್ನ ಕಡೆ ನೋಡಿದ. "ಇದೇನಾ?"

"ಇದೇ," ಎಂದೆ.

ಅವನ ಜೇಬಿನಿಂದ ಪೆನ್ಸಿಲ್ ತೆಗೆದುಕೊಂಡು ಕೋಲಿನ ಮೇಲೆ ಗೆರೆ ಎಳೆದೆ. ಮೇಣದ ಮೇಲೆ ಜಾರಿತು. ಮನೆಯ ಬೀಗದ ಕೈ ತೆಗೆದು, ಮರಕ್ಕೆ ಇಳಿಯುವಂತೆ ಗೀರಿದೆ.

"ಮುಂದಿನದು?" ಎಂದ ಅವನು.

ಮುಂದಿನ ಹಿಡಿಗೆ ಕೈ ಹಾಕಿದೆ.