ಇಬ್ಬರ ಸರಾಸರಿ

"ಅಯ್ಯೋ ಅತ್ತಿಗೇ, ನಮ್ಮಣ್ಣನ್ನ ಒಂಟಿ ಮಾಡಿ ಹೋಗ್ಬಿಟ್ರಲ್ಲಾ!" ಎಂದು ಮೆಟ್ಟಿಲಿನಿಂದಲೇ ಗೋಳಾಡುತ್ತ ಬಂದ ನಾದಿನಿಗೆ ಬಾಗಿಲು ತೆರೆದವಳು ಅತ್ತಿಗೆಯೇ. ನಾದಿನಿ ಕಿಟಾರನೆ ಕಿರುಚಿ, ಕೈಲಿದ್ದ ಹಾರ ಬಿಟ್ಟು ಗೋಡೆಗೆ ಅಂಟಿಕೊಂಡಳು.

"ನಾನಲ್ಲ ಕಣೇ, ನಿಮ್ಮಣ್ಣ," ಎಂದಳು ಅತ್ತಿಗೆ, ತಪ್ಪೆಲ್ಲ ತನ್ನದೇ ಎಂಬಂತೆ.

ನಾದಿನಿಯದಾದರೂ ತಪ್ಪೇನು? ಪಕ್ಕದ ಮನೆಯವರು ಫೋನಿನಲ್ಲಿ "ನಿಮ್ಮಣ್ಣನ ಮನೇಲಿ ಸಾವಾಗಿದೆ" ಎಂದಷ್ಟೇ ಹೇಳಿದ್ದರು. ಸುಣ್ಣ ಬಳಿದಂತೆ ಬಿಳುಚಿಕೊಂಡು, ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುವ ಅತ್ತಿಗೆ ಇರುವಾಗ, ಕೆಂಪು ಮುಖದ ಬೇಕರಿ ಅಣ್ಣ ಸಾಯುವುದುಂಟೇ?

"ಅಷ್ಟು ರಕ್ತ ಇದ್ದೋರು ಹೇಗೆ ಹೋದ್ರು?" ಪಕ್ಕದ ಮನೆಯಾಕೆ ಕೇಳಿದಳು.

"ರಕ್ತ ಜಾಸ್ತಿಯಾಗೇ ಹೋದ್ರು."

"ಸುಮ್ನಿರಿ, ಜಾಸ್ತಿಯಾಗಿ ಯಾರಾದ್ರೂ ಸಾಯ್ತಾರಾ?"

ಹೆಣದ ಮುಂದೆಯೂ ಅವಳು ಅದನ್ನು ಬಿಡಿಸಿ ಹೇಳಬೇಕಾಯಿತು.

*

ಗಂಡನ ಮುಖದ ಕೆಂಪಿಗೆ ಬೇಕರಿಯ ಒಲೆಯೇ ಕಾರಣವೆಂದು ಬೀದಿಯೆಲ್ಲ ನಂಬಿತ್ತು. ಬಿಸಿನೀರು ಬಿದ್ದರೆ ಮೈಯೆಲ್ಲ ತುರಿಕೆ. ಅದಕ್ಕೆ ಮೈದಾ ಹಿಟ್ಟನ್ನು ಬೈದದ್ದಾಯಿತು. ಹೆಂಡತಿಗೆ ಸುಸ್ತೆಂದು ಲ್ಯಾಬಿಗೆ ಕರೆದೊಯ್ದವರು, ಬಂದದ್ದು ಬಂದೆವು ಎಂದು ತಮ್ಮ ತೋಳನ್ನೂ ಚಾಚಿದರು. ಹಿಮೋಗ್ಲೋಬಿನ್ ಅವಳದು ಒಂಬತ್ತು, ಇವರದು ಹತ್ತೊಂಬತ್ತು.

"ಹೆಂಗಸರಿಗೆ ಹನ್ನೆರಡಾದ್ರೂ ಇರ್ಬೇಕು. ಗಂಡಸರಿಗೆ ಹದಿನೇಳರ ಆಸುಪಾಸು ದಾಟ್ಬಾರ್ದು," ಎಂದರು ಡಾಕ್ಟರು.

"ಎರಡೂ ಕೂಡಿಸಿ ಅರ್ಧ ಮಾಡಿ ಸಾರ್, ಹದಿನಾಲ್ಕು! ನಮ್ಮ ಸಂಸಾರ ನಾರ್ಮಲ್ಲೇ."

ಡಾಕ್ಟರು ನಗಲಿಲ್ಲ. ಕೆಂಪು ಕಣ ಅತಿಯಾದರೆ ರಕ್ತ ಮಂದವಾಗಿ ನಾಳದಲ್ಲೇ ಹೆಪ್ಪುಗಟ್ಟಬಹುದು ಎಂದರು. ಅಂದಿನಿಂದ ಆಗಾಗ ಒಂದು ಚೀಲ ರಕ್ತ ತೆಗೆಸುವುದು, ಪ್ರತಿ ಸಲ ನರ್ಸಮ್ಮನ ಜೊತೆ ಜಗಳ.

"ಮನೇಲಿ ಒಬ್ಳು ರಕ್ತ ಇಲ್ದೆ ಒದ್ದಾಡ್ತಿದಾಳೆ, ನೀವು ಇದನ್ನ ಬಿಸಾಕ್ತೀರಲ್ಲ!"

"ನಿಮ್ಮಿಬ್ಬರ ಗ್ರೂಪೇ ಬೇರೆ ಯಜಮಾನ್ರೇ. ಅವರಿಗೆ ಬೇಕಿರೋದು ಕಬ್ಬಿಣದ ಮಾತ್ರೆ."

ಮಾತ್ರೆಯೆಂದರೆ ಅವಳಿಗೆ ವಾಕರಿಕೆ. ಹೇಗೂ ತಾನೇ ಮೊದಲು ಹೋಗುವವಳೆಂದು ಅನ್ನ ಮಾಡುವುದು, ಗುಂಡಿ ಹೊಲಿಯುವುದು, ಎಲ್ಲವನ್ನೂ ಗಂಡನಿಗೆ ಕಲಿಸಿದ್ದಳು. ಅವರಿಲ್ಲದೆ ಅವಳು ಬದುಕುವುದು ಹೇಗೆಂದು ಇಬ್ಬರೂ ಯೋಚಿಸಿರಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಅಡುಗೆಮನೆಯಲ್ಲಿ ಪಿಸುಮಾತು ಕೇಳಿಸಿತು. "ಪಾಪ, ಇನ್ನು ಈಯಮ್ಮನೂ ಹೆಚ್ಚು ದಿನ ಇರಲ್ಲ."

ಕೇಳಿ ಅವಳಿಗೆ ಬೇಸರವಾಗಲಿಲ್ಲ. ಒಳ್ಳೆಯದೇ ಆಯಿತು ಎನಿಸಿತು. ಬೆಳಗಿನ ಮಾತ್ರೆ ತಟ್ಟೆಯಲ್ಲಿ ಹಾಗೇ ಬಿದ್ದಿತ್ತು. ಚಹಾ ತಂದ ನಾದಿನಿ ಅದನ್ನೆತ್ತಿಕೊಂಡು, "ಬಿಸಾಕ್ಲಾ ಅತ್ತಿಗೆ?" ಎಂದಳು.

ಅವಳಿಗೆ ರೇಗಿತು. ಬೆಳಗಿನಿಂದ ಬಾರದ ಅಳುವೂ ಅದರ ಜೊತೆಗೇ ಬಂತು. "ಈ ಮನೇದು ಬಿಸಾಕಿದ್ದು ಸಾಲದಾ? ಕೊಡಿಲ್ಲಿ! ಚಹಾ ಆಚೆ ಇಡು, ಅದರ ಜೊತೆ ಕಬ್ಬಿಣ ಮೈಗೆ ಹತ್ತಲ್ಲ."

ನಿಂಬೆ ನೀರಿನಲ್ಲಿ ಗುಳುಂ ಎನಿಸಿದಳು. ನುಂಗಿದ್ದಾಳೋ, ಕೆನ್ನೆಯಲ್ಲಿ ಬಚ್ಚಿಟ್ಟಿದ್ದಾಳೋ ಎಂದು ಬಾಯಿ ತೆರೆಸಿ ನೋಡದೆ ಗಂಡ ಒಂದು ದಿನವೂ ಬಿಟ್ಟವರಲ್ಲ. ಅವಳು ಅದೇ ಅಭ್ಯಾಸದಲ್ಲಿ ಖಾಲಿ ಕುರ್ಚಿಯ ಕಡೆ ತಿರುಗಿ, 'ಆ' ಎಂದು ಬಾಯಗಲಿಸಿ, ನಾಲಿಗೆ ಎತ್ತಿ ಕೂತುಬಿಟ್ಟಳು.

ನಾದಿನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕನ್ನಡಕ ಏರಿಸಿಕೊಂಡು, ಬಗ್ಗಿ, ಆ ಬಾಯಿಯೊಳಗೆ ಎಡಕ್ಕೂ ಬಲಕ್ಕೂ ಇಣುಕಿ ನೋಡಿದಳು.